ಎಲೆ ಹಂಚುವ ಮೊದಲು

ನ್ಯಾಮತಿ ತಾಲ್ಲೂಕಿನ ಊರೂರುಗಳಲ್ಲಿ ಹಬ್ಬಕ್ಕೆ ಇಸ್ಪೀಟು ಹಿಡಿದು ಕೂರುವ ಎಲ್ಲ ಬಳಗಗಳಿಗೆ,

ಮೂರೆಲೆಯಾಟದಲ್ಲಿ ಸೀಕ್ವೆನ್ಸ್ ದೊಡ್ಡದೋ, ಕಲರ್ ದೊಡ್ಡದೋ? ದೀಪಾವಳಿ ಪಾಡ್ಯದ ರಾತ್ರಿ ಪಡಸಾಲೆಯಲ್ಲಿ ಹಾಸಿದ ಜಮಖಾನೆಯ ಮೇಲೆ ಈ ಒಂದು ಪ್ರಶ್ನೆಗೆ ದಾಯಾದಿಗಳ ಮಾತು ನಿಂತುಹೋಗುವುದುಂಟು. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಹುಡುಗ ಮೊಬೈಲಿನಲ್ಲಿ ಪೋಕರ್ ಕಲಿತವನು. ಅವನ ಕೈಯಲ್ಲಿ ಮೂರೂ ಆಟೀನು. ಎದುರಿಗೆ ಕೂತ ದೊಡ್ಡಪ್ಪನ ಕೈಯಲ್ಲಿ ಏಳು, ಎಂಟು, ಒಂಬತ್ತು, ಮೂರೂ ಬೇರೆ ಬೇರೆ ಜಾತಿ. ಇಬ್ಬರೂ ಗೆದ್ದೆವೆಂದು ಒಟ್ಟಿಗೇ ಕೈ ಚಾಚುತ್ತಾರೆ. ಹುಡುಗನಿಗೆ ದೊಡ್ಡಪ್ಪ ಮೋಸ ಮಾಡುತ್ತಿದ್ದಾನೆ ಅನ್ನಿಸುತ್ತದೆ, ದೊಡ್ಡಪ್ಪನಿಗೆ ಹುಡುಗನ ಕೊಬ್ಬು ಕಾಣುತ್ತದೆ.

ಇಬ್ಬರೂ ತಪ್ಪಿಲ್ಲ. 52 ಎಲೆಯ ಕಟ್ಟಿನಿಂದ ಮೂರು ಎಲೆ ಬರುವ ಬಗೆಗಳು ಒಟ್ಟು 22,100. ಅದರಲ್ಲಿ ಬರೀ ಸೀಕ್ವೆನ್ಸ್ 720, ಬರೀ ಕಲರ್ 1,096. ಅಪರೂಪಕ್ಕೆ ಸಿಗುವುದಕ್ಕೆ ಬೆಲೆ ಹೆಚ್ಚು, ಹಾಗಾಗಿ ಮೂರೆಲೆಯಲ್ಲಿ ಸೀಕ್ವೆನ್ಸ್ ಮೇಲೆ. ಪೋಕರ್ ಐದೆಲೆಯ ಲೆಕ್ಕದ ಆಟ. ಅಲ್ಲಿನ 25,98,960 ಬಗೆಗಳಲ್ಲಿ ಸ್ಟ್ರೇಟ್ ಎನ್ನುವ ಸಾಲು 10,200, ಫ್ಲಶ್ ಎನ್ನುವ ಕಲರ್ 5,108. ಅಲ್ಲಿ ಕಲರ್ ಮೇಲೆ. ಇನ್ನೊಂದು ಸ್ವಾರಸ್ಯವೂ ಇದೆ. ಮೂರೆಲೆಯಲ್ಲಿ ಒಂದೇ ಜಾತಿಯ ಸಾಲು ಬರುವ ಬಗೆ 48 ಮಾತ್ರ, ಮೂರೂ ಎಲೆ ಒಂದೇ ಅಂಕಿಯದಾಗುವ ಬಗೆ 52. ಬರೀ ಗಣಿತ ಕೇಳಿದರೆ ಪ್ಯೂರ್ ಸೀಕ್ವೆನ್ಸೇ ಹೆಚ್ಚು ಅಪರೂಪ. ಆದರೂ ಮೂರು ಎಕ್ಕದ ಮುಂದೆ ಎಲ್ಲರೂ ಎಲೆ ಕೆಳಗಿಡುತ್ತಾರೆ, ಏಕೆಂದರೆ ಹಾಗೆಂದು ಒಪ್ಪಿಕೊಂಡು ಬಂದಿದ್ದಾರೆ. ಎಕ್ಕ, ಎರಡು, ಮೂರರ ಸಾಲಿಗೆ ಒಂದು ಮನೆಯಲ್ಲಿ ಎರಡನೇ ಸ್ಥಾನ, ಪಕ್ಕದ ಮನೆಯಲ್ಲಿ ಕಟ್ಟಕಡೆಯ ಸ್ಥಾನ. ಎಲೆ ಹಂಚುವ ಮೊದಲು ಎರಡು ನಿಮಿಷ ಇದನ್ನು ಮಾತಾಡಿಕೊಂಡಿದ್ದರೆ ದೊಡ್ಡಪ್ಪ ಮತ್ತು ಹುಡುಗ ಮಾರನೇ ಬೆಳಗ್ಗೆ ಒಂದೇ ಪಂಕ್ತಿಯಲ್ಲಿ ಹೋಳಿಗೆ ಉಣ್ಣುತ್ತಿದ್ದರು.

ಈ ಪತ್ರಕ್ಕೆ ಕಾರಣವಾದದ್ದು ಇಂಥ ಜಗಳಗಳೇ. ಇಸ್ಪೀಟಿನ ಬಗ್ಗೆ ಪತ್ರಿಕೆಗಳಲ್ಲಿ ಬರುವುದು ಒಂದೇ ಬಗೆಯ ಸುದ್ದಿ: ಅಡ್ಡೆಯ ಮೇಲೆ ದಾಳಿ, ಇಷ್ಟು ಮಂದಿಯ ಬಂಧನ, ಪಣಕ್ಕಿಟ್ಟ ಇಷ್ಟು ನಗದು, 52 ಎಲೆ, ನೆಲಕ್ಕೆ ಹಾಸಿದ್ದ ಒಂದು ಟವೆಲ್ ವಶ. ಆ ಟವೆಲ್ಲಿನ ಸುತ್ತ ಕೂತವರಿಗೂ ಒಂದು ಕಾಲಕ್ಕೆ ರೀತಿ ರಿವಾಜು ಇತ್ತು, ಅದನ್ನು ಹೇಳಿಕೊಡುವ ಹಿರಿಯರಿದ್ದರು ಎಂಬುದನ್ನು ಯಾರೂ ಬರೆಯುವುದಿಲ್ಲ. ಅದು ಬರವಣಿಗೆಗೆ ಬಾರದ ವಿದ್ಯೆ, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಾಗ ಬರುವಂಥದ್ದು. ಕಳೆದ ಹತ್ತು ಹದಿನೈದು ವರ್ಷದಲ್ಲಿ ಬೆಳೆದ ಹುಡುಗರು ಮೊದಲ ಎಲೆ ಹಿಡಿದದ್ದು ಗಾಜಿನ ಪರದೆಯ ಮೇಲೆ. ಅಲ್ಲಿ ಎದುರಾಳಿಗೆ ಮುಖವಿಲ್ಲ, ಸೋತವನ ನಿಟ್ಟುಸಿರು ಕೇಳುವುದಿಲ್ಲ. ಸರದಿ ತಪ್ಪಿಸಲು ಯಂತ್ರ ಬಿಡುವುದಿಲ್ಲವಾದ್ದರಿಂದ ಸರದಿ ಕಾಯುವ ಸಂಯಮವನ್ನು ಕಲಿಯುವ ಪ್ರಮೇಯವೇ ಬರುವುದಿಲ್ಲ.

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ರಮ್ಮಿ, ಪೋಕರ್ ಆ್ಯಪ್‌ಗಳನ್ನು ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡಿದವನಿಗೆ ಶಿಕ್ಷೆಯಿಲ್ಲ. ಹೆಸರಾಂತ ಕಂಪನಿಗಳು ಕೆಲವೇ ದಿನಗಳಲ್ಲಿ ಹಣದ ಆಟ ನಿಲ್ಲಿಸಿದವು. ಆ್ಯಪ್ ಮುಚ್ಚಿದರೂ ಆಟದ ಚಪಲ ಮುಚ್ಚುವುದಿಲ್ಲ. ಆ ಹುಡುಗರು ಈಗ ಜಮಖಾನೆಗೆ ಬರುತ್ತಿದ್ದಾರೆ. ಅವರಿಗೆ ಏನು ಹೇಳಿಕೊಡಬೇಕು ಎಂಬುದು ಹಿರಿಯರ ಮುಂದಿರುವ ಪ್ರಶ್ನೆ.

ಮೊದಲು ಕಣ್ಣಿಗೆ ಬೀಳದ ಸಣ್ಣ ಸಂಗತಿಗಳು. ಕಲಸಿದವನು ಕಟ್ಟನ್ನು ಪಕ್ಕದವನ ಮುಂದಿಡುತ್ತಾನೆ, ಅವನು ಕಟ್ ಮಾಡಬೇಕು. ಬೇಡವೆನ್ನಿಸಿದರೆ ಬೆರಳಿಂದ ಒಮ್ಮೆ ತಟ್ಟಿದರೂ ಸಾಕು. ಆ ತಟ್ಟುವಿಕೆಗೆ ‘ನಿನ್ನನ್ನು ನಂಬಿದ್ದೇನೆ’ ಎಂಬ ಅರ್ಥವಿದೆ, ಆದರೆ ಕಟ್ಟನ್ನು ಮುಂದಿಡದೆ ನೇರ ಹಂಚಿದರೆ ಆ ನಂಬಿಕೆಯನ್ನು ಕೇಳದೆ ಕಿತ್ತುಕೊಂಡಂತೆ. ಹಂಚುವಾಗ ಎಲೆ ನೆಲಕ್ಕೆ ತಾಗಿಯೇ ಸರಿಯಬೇಕು, ಮೇಲೆ ಹಾರಿದರೆ ಯಾರದಾದರೂ ಕಣ್ಣಿಗೆ ಬೀಳುತ್ತದೆ. ಎಲ್ಲರಿಗೂ ಹಂಚಿ ಮುಗಿಯುವ ತನಕ ಯಾರೂ ಎಲೆ ಎತ್ತಬಾರದು. ಎತ್ತಿದ ಮೇಲೆ ಕೈ ಜಮಖಾನೆಯ ಮೇಲೇ ಇರಬೇಕು, ತೊಡೆಯ ಕೆಳಗೆ, ಟವೆಲ್ಲಿನ ಮಡಿಕೆಗೆ ಹೋಗಬಾರದು. ಪೋಕರ್ ಕೋಣೆಗಳಲ್ಲಿ ಇದೇ ನಿಯಮವನ್ನು ಅಚ್ಚು ಹಾಕಿಸಿ ಗೋಡೆಗೆ ಅಂಟಿಸಿರುತ್ತಾರೆ. ಊರಲ್ಲಿ ಒಬ್ಬ ಹಿರಿಯರ ಕೆಮ್ಮು ಸಾಕು.

ಸರದಿಯ ಮಾತು ಇನ್ನೂ ಸೂಕ್ಷ್ಮ. ಮೂವರ ಆಚೆ ಕೂತವನು ತನ್ನ ಸರದಿ ಬರುವ ಮೊದಲೇ ಬೇಸರದಿಂದ ಎಲೆ ಬಿಸಾಡಿದ ಎನ್ನೋಣ. ನಡುವೆ ಇದ್ದವನಿಗೆ ಒಬ್ಬ ಎದುರಾಳಿ ಕಮ್ಮಿಯಾದದ್ದು ಮುಂಚಿತವಾಗಿ ತಿಳಿಯಿತು, ಅವನು ಧೈರ್ಯ ಮಾಡಿ ಚಾಲ್ ಏರಿಸುತ್ತಾನೆ. ಅದರ ಪೆಟ್ಟು ಬೀಳುವುದು ಏನೂ ತಪ್ಪು ಮಾಡದ ಇನ್ನೊಬ್ಬನಿಗೆ. ಬಿಸಾಡಿದವನಿಗೆ ಇದರಿಂದ ನಯಾಪೈಸೆ ಲಾಭವಿಲ್ಲ. ಹಾಗಾಗಿಯೇ ಇದನ್ನು ಮೋಸ ಎನ್ನದೆ ಅವಸರ ಎಂದು ಬಿಟ್ಟುಬಿಡುತ್ತಾರೆ. ಬಿಡಬಾರದು.

ಆಡಿದ ಮಾತಿಗೂ ಅಷ್ಟೇ ತೂಕ. ‘ನಿನ್ನ ಹತ್ತಕ್ಕೆ ಹತ್ತು’ ಎಂದು ಇಟ್ಟು, ಎದುರಿನವನ ಮುಖ ನೋಡಿ, ಅವನ ಹುಬ್ಬು ಇಳಿದದ್ದು ಕಂಡ ಮೇಲೆ ‘ಅದರ ಮೇಲೆ ಇಪ್ಪತ್ತು’ ಎನ್ನುವುದು ಸಿನಿಮಾದಲ್ಲಿ ಚೆಂದ. ಪೋಕರ್ ಕೋಣೆಯಲ್ಲಿ ಆ ಇಪ್ಪತ್ತನ್ನು ವಾಪಸ್ ಕೊಟ್ಟುಬಿಡುತ್ತಾರೆ. ಎಷ್ಟು ಎಂಬುದನ್ನು ಮೊದಲೇ ಬಾಯಲ್ಲಿ ಹೇಳಬೇಕು, ಇಲ್ಲವೇ ಒಂದೇ ಸಲ ಕೈ ಚಾಚಿ ಇಡಬೇಕು. ಹೇಳಿದರೆ ಹೇಳಿದ್ದೇ, ತಿದ್ದುಪಡಿ ಇಲ್ಲ. ಹೇಳದಿದ್ದರೆ ಇಟ್ಟದ್ದಷ್ಟೇ ಲೆಕ್ಕ. 1982ರ ವಿಶ್ವ ಪೋಕರ್ ಸರಣಿಯಲ್ಲಿ ಜ್ಯಾಕ್ ಸ್ಟ್ರಾಸ್ ಎಂಬ ಆಟಗಾರ ಮುಂದಿದ್ದ ಬಿಲ್ಲೆಗಳನ್ನೆಲ್ಲ ತಳ್ಳಿ ಸೋತು ಎದ್ದು ಹೊರಟಾಗ, ಕಾಗದದ ಕರವಸ್ತ್ರದ ಅಡಿಯಲ್ಲಿ 500ರ ಒಂದು ಬಿಲ್ಲೆ ಉಳಿದದ್ದು ಕಂಡಿತಂತೆ. ‘ಎಲ್ಲವನ್ನೂ ಇಟ್ಟೆ’ ಎಂದು ಅವನು ಬಾಯಲ್ಲಿ ಹೇಳಿರಲಿಲ್ಲ, ಆದ್ದರಿಂದ ಆ ಬಿಲ್ಲೆ ಅವನದೇ ಎಂದು ತೀರ್ಪಾಯಿತು. ಅದನ್ನೇ ಹಿಡಿದು ಕೂತವನು ಆ ವರ್ಷದ ಚಾಂಪಿಯನ್ ಆಗಿ ಎದ್ದ. ಪೋಕರ್ ಮಂದಿ ಇದನ್ನು ಛಲದ ಕಥೆಯಾಗಿ ಹೇಳುತ್ತಾರೆ. ಸೋತವನ ಪರವಾಗಿಯೂ ನಿಯಮವನ್ನು ಅಕ್ಷರಶಃ ಪಾಲಿಸಿದ ಮೇಜಿನ ಕಥೆಯೂ ಅದೇ.

ಹಿಂದೆ ಕೂತು ನೋಡುವವರ ಪಾಲಿಗೂ ಒಂದು ಕಟ್ಟುಪಾಡು ಇದೆ, ಹಬ್ಬದ ಮನೆಯಲ್ಲಿ ಅತಿ ಹೆಚ್ಚು ಮುರಿಯುವುದು ಅದನ್ನೇ. ಭುಜದ ಮೇಲಿಂದ ಇಣುಕಿ ‘ಅಯ್ಯೋ’ ಎಂದರೆ ಸಾಕು, ಆಟ ಕೆಟ್ಟಂತೆ. ಒಬ್ಬರ ಎಲೆಯನ್ನು ಒಬ್ಬರೇ ಆಡಬೇಕು ಎಂಬುದು ಪೋಕರಿನ ಮೂಲ ಸೂತ್ರಗಳಲ್ಲಿ ಒಂದು. ಇದು ಹೊರಗಿನಿಂದ ಬಂದ ಸೂತ್ರವೇನೂ ಅಲ್ಲ. ಮಹಾಭಾರತದ ಸಭಾಪರ್ವದಲ್ಲಿ ಪಣ ಒಡ್ಡುವವನು ದುರ್ಯೋಧನ, ದಾಳ ಉರುಳಿಸುವವನು ಶಕುನಿ ಎಂದು ಗೊತ್ತಾದಾಗ ಧರ್ಮರಾಯ ತಕರಾರು ತೆಗೆಯುತ್ತಾನೆ: ಒಬ್ಬನ ಬದಲು ಇನ್ನೊಬ್ಬ ಆಡುವುದು ಸರಿಯಲ್ಲ ಎನ್ನುತ್ತಾನೆ. ತಕರಾರು ತೆಗೆದವನು ಅಲ್ಲಿಗೇ ಏಳಲಿಲ್ಲ, ಕೂತ. ಜೂಜಿನ ವ್ಯಸನ, ಶಕುನಿಯ ಕಪಟ ಇವನ್ನೆಲ್ಲ ಹೇಳುವ ನಾವು ಆ ಒಂದು ಗಳಿಗೆಯನ್ನು ಅಷ್ಟಾಗಿ ನೆನೆಯುವುದಿಲ್ಲ. ನಿಯಮ ಮುರಿದದ್ದು ಕಣ್ಣೆದುರೇ ಕಂಡ ಮೇಲೂ ಏಳದೆ ಕೂತದ್ದರ ಬೆಲೆಯನ್ನು ಆ ಮನೆ ಹದಿಮೂರು ವರ್ಷ ತೆತ್ತಿತು.

ಇಪ್ಪತ್ತೆಂಟು ಆಡುವವರಿಗೆ ಇನ್ನೊಂದು ಪರೀಕ್ಷೆ ಉಂಟು. ರಾಜ, ರಾಣಿಯರನ್ನು ಗುಲಾಮ ಹೊಡೆಯುವ ಆ ಆಟದಲ್ಲಿ ಜೊತೆಗಾರ ಎದುರಿಗೇ ಕೂತಿರುತ್ತಾನೆ. ಮೂಗು ಮುಟ್ಟಿದರೆ ಇಸ್ಪೀಟು, ಕಿವಿ ಮುಟ್ಟಿದರೆ ಕಳಾವರ್ ಎಂದು ಸನ್ನೆ ಕಟ್ಟಿಕೊಂಡವರನ್ನು ಊರು ನಗುತ್ತಲೇ ಕ್ಷಮಿಸುತ್ತದೆ. ಬ್ರಿಡ್ಜ್ ಎಂಬ ಜೋಡಿಯಾಟದ ಲೋಕದಲ್ಲಿ 2015ರಲ್ಲಿ ಇದೇ ಸನ್ನೆ ಬಿರುಗಾಳಿ ಎಬ್ಬಿಸಿತು. ನಾರ್ವೆಯ ಬೊಯೆ ಬ್ರೊಗೆಲಾನ್ ಎಂಬ ಆಟಗಾರ ಹಿಂದೆ ತನ್ನದೇ ತಂಡದಲ್ಲಿದ್ದ ಇಸ್ರೇಲಿನ ಜೋಡಿಯೊಂದರ ಮೇಲೆ ಬಹಿರಂಗವಾಗಿ ಆರೋಪ ಹೊರಿಸಿದ. ಎಲೆ ಇಡುವ ಹಲಗೆಯನ್ನು ಮೇಜಿನ ಮೇಲೆ ಯಾವ ಜಾಗಕ್ಕೆ ಸರಿಸುತ್ತಾರೆ ಎಂಬುದರಲ್ಲೇ ಸಂಕೇತವಿತ್ತು ಎಂಬುದು ವಿಡಿಯೊಗಳನ್ನು ಮತ್ತೆ ಮತ್ತೆ ನೋಡಿದವರಿಗೆ ಹೊಳೆಯಿತು. ಆ ಜೋಡಿಯ ಜೊತೆ ಆಡಿ ಗೆದ್ದ ಪ್ರಶಸ್ತಿಗಳನ್ನು ತನಗೂ ಬೇಡ ಎಂದ ಬ್ರೊಗೆಲಾನ್. ಅವನ ಕೈಯಲ್ಲಿ ಯಾವ ಕಳಂಕವೂ ಇರಲಿಲ್ಲ. ಜೊತೆಗಾರರ ಕಳಂಕದ ಪಾಲು ತನ್ನ ಗೆಲುವಿನಲ್ಲೂ ಇದೆ ಎಂದು ಒಪ್ಪಿಕೊಳ್ಳುವ ಎದೆ ಎಷ್ಟು ಮಂದಿಗಿದ್ದೀತು?

ಫಿಲ್ ಐವಿಯ ಪ್ರಕರಣ ಇದಕ್ಕಿಂತ ತೊಡಕಿನದು. ಪೋಕರಿನ ದೊಡ್ಡ ಹೆಸರುಗಳಲ್ಲಿ ಒಬ್ಬನಾದ ಈತ 2012ರಲ್ಲಿ ಲಂಡನ್ನಿನ ಕ್ಯಾಸಿನೊ ಒಂದರಲ್ಲಿ ಪುಂಟೊ ಬಾಂಕೊ ಎಂಬ ಎಲೆಯಾಟ ಆಡಿ ಸುಮಾರು 77 ಲಕ್ಷ ಪೌಂಡ್ ಗೆದ್ದ. ಎಲೆಗಳ ಬೆನ್ನಿನ ಚಿತ್ತಾರ ಎರಡೂ ಅಂಚಿಗೆ ಒಂದೇ ಸಮ ಇರಲಿಲ್ಲ. ಅದನ್ನು ಗುರುತಿಟ್ಟು, ಬೇಕಾದ ಎಲೆಗಳನ್ನು ತಿರುಗಿಸಿಡುವಂತೆ ನೆಪ ಹೇಳಿ ಹಂಚುವವರಿಂದಲೇ ಮಾಡಿಸಿದ್ದ. ತಾನು ಎಲೆ ಮುಟ್ಟಲೇ ಇಲ್ಲ, ಇದು ಕಣ್ಣಿನ ಜಾಣ್ಮೆ ಎಂದು ಐವಿ ಪ್ರಾಮಾಣಿಕವಾಗಿಯೇ ನಂಬಿದ್ದ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2017ರ ಅಕ್ಟೋಬರಿನಲ್ಲಿ ಅದನ್ನು ಮೋಸ ಎಂದೇ ಹೇಳಿತು, ಹಣ ಸಿಗಲಿಲ್ಲ. ಊರಿನ ಹಳೆಯ ಕಟ್ಟಿನಲ್ಲಿ ಮೂಲೆ ಮುರಿದ ಇಸ್ಪೀಟು ರಾಣಿ, ಕಾಫಿ ಕಲೆಯ ಡೈಮನ್ ಒಂಬತ್ತು ಇದ್ದೇ ಇರುತ್ತವೆ. ಅವನ್ನು ಗುರುತು ಹಿಡಿಯುವ ಮನೆಯವರು, ಗುರುತೇ ತಿಳಿಯದ ನೆಂಟರು ಒಂದೇ ಜಮಖಾನೆಯ ಮೇಲೆ ಕೂತಿರುತ್ತಾರೆ. ಹೊಸ ಕಟ್ಟಿಗೆ ನೂರಿನ್ನೂರು ರೂಪಾಯಿ. ಹಬ್ಬದ ಸಾಮಾನಿನ ಚೀಟಿಯಲ್ಲಿ ಅದನ್ನೂ ಬರೆದುಬಿಡುವುದು ಒಳ್ಳೆಯದು.

ದೀಪಾವಳಿ ಅಳಿಯಂದಿರ ಹಬ್ಬವೂ ಹೌದು. ಮದುವೆಯಾದ ಮೊದಲ ವರ್ಷದ ಅಳಿಯ, ಹೊಸ ಪಂಚೆ ಉಟ್ಟು, ಬಾಮೈದುನರ ಒತ್ತಾಯಕ್ಕೆ ಎಲೆ ಹಿಡಿಯುತ್ತಾನೆ. ಜೋಡಿ ಎಕ್ಕ ಇಟ್ಟುಕೊಂಡು ಹೆದರಿ ಪ್ಯಾಕ್ ಆಗುತ್ತಾನೆ. ಅವನ ಎಲೆಯನ್ನು ಕಿತ್ತು ತೋರಿಸಿ ಎಲ್ಲರೂ ಗೊಳ್ಳನೆ ನಗುತ್ತಾರೆ. ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತ ಅವನ ಹೆಂಡತಿಯ ಮುಖ ಯಾರೂ ನೋಡುವುದಿಲ್ಲ. ಪ್ಯಾಕ್ ಆದವನ ಎಲೆ ಅವನದು. ತೋರಿಸುವುದೂ ಬಿಡುವುದೂ ಅವನ ಹಕ್ಕು, ಮುಟ್ಟಲು ಇನ್ನೊಬ್ಬರಿಗೆ ಅಧಿಕಾರವಿಲ್ಲ. ಹೊಸಬನಿಗೆ ಆಡಲು ಬರುವುದಿಲ್ಲ ಎಂದು ಮೇಜಿನ ಮೇಲೇ ಪಾಠ ಹೇಳಬಾರದು ಎಂಬುದು ಪೋಕರ್ ಬಲ್ಲವರ ನಡುವಿನ ಹಳೆಯ ಕಟ್ಟಳೆ.

ಅದೇ ಸಾಲಿಗೆ ಸೇರುವ ಇನ್ನೊಂದು ಕ್ರೌರ್ಯ ಇದೆ. ಪೋಕರಿನವರು ಅದಕ್ಕೆ ಸ್ಲೋ ರೋಲ್ ಎನ್ನುತ್ತಾರೆ. ಶೋ ಕೇಳಿಯಾಗಿದೆ. ಗೆಲ್ಲುವ ಎಲೆ ತನ್ನಲ್ಲಿದೆ ಎಂದು ಒಬ್ಬನಿಗೆ ಖಚಿತ. ಆದರೂ ಎದುರಿನವನ ಎಲೆ ನೋಡಿ ತಲೆ ಕೊಡವುತ್ತಾನೆ, ‘ನೀನೇ ಗೆದ್ದೆ ಬಿಡು ಮಾವ’ ಎಂದು ಉಸಿರು ಬಿಡುತ್ತಾನೆ, ಮಾವ ನಗುತ್ತ ಕೈ ಚಾಚುವಾಗ ಒಂದೊಂದೇ ಎಲೆ ಬಿಡಿಸುತ್ತಾನೆ. ನಿಯಮದ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ, ಸಾಮಾನ್ಯವಾಗಿ ದಂಡವೂ ಬೀಳುವುದಿಲ್ಲ. ಆದರೂ ಜಗತ್ತಿನ ಯಾವ ಮೂಲೆಯ ಪೋಕರ್ ಮೇಜಿನಲ್ಲಾದರೂ ಹೀಗೆ ಮಾಡಿದವನನ್ನು ಮರುದಿನ ಯಾರೂ ಮಾತಾಡಿಸುವುದಿಲ್ಲ. ಇದೇ ಸೀಮೆಯ ಗರಡಿಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಖಾಡಕ್ಕೆ ಇಳಿದ ಜೋಡಿ ಮಣ್ಣು ಮುಟ್ಟಿ, ಕೈಗೆ ಕೈ ತಾಗಿಸಿ, ಆಮೇಲೆ ಹಿಡಿಯುತ್ತದೆ. ಬೆನ್ನು ನೆಲಕ್ಕೆ ತಾಗಿದ ಮೇಲೆ ಗೆದ್ದವನ ಕೈ ಮೊದಲು ಹೋಗುವುದು ಬಿದ್ದವನನ್ನು ಎತ್ತಲು. ದೀಪಾವಳಿಯ ಹೊತ್ತಿಗೆ ಹೊನ್ನಾಳಿ, ನ್ಯಾಮತಿ, ಶಿಕಾರಿಪುರದ ಸುತ್ತ ಓಡುವ ಕೊಬ್ಬರಿ ಹೋರಿಗಳಿಗೂ ಹೆಸರಿಟ್ಟು ಜೈಕಾರ ಹಾಕುವ ಜನ ಇವರು. ಕೊಬ್ಬರಿ ಕೀಳಲು ಬಿಡದೆ ಓಡಿದ ಹೋರಿಗೆ ಸೋತ ಹುಡುಗರೇ ಸಿಳ್ಳೆ ಹೊಡೆಯುತ್ತಾರೆ. ಅಖಾಡದಲ್ಲೂ ಬೀದಿಯಲ್ಲೂ ಇರುವ ಈ ಮನಸ್ಸು ಜಮಖಾನೆಯ ಮೇಲೆ ಕೂತಾಗ ಎಲ್ಲಿ ಹೋಗುತ್ತದೆ?

ಕನ್ನಡ ನಾಡಿಗೆ ಎಲೆಯಾಟದ ಗೌರವ ಹೊಸದಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರು ಕಲೆ, ಗ್ರಂಥ, ಆಟಗಳಲ್ಲಿ ಮುಳುಗಿದರು. ಅವರು ರೂಪಿಸಿದ ಗಂಜೀಫಾ ಆಟಗಳಲ್ಲಿ 36 ಎಲೆಯ ಕಟ್ಟಿನಿಂದ 360 ಎಲೆಯ ಕಟ್ಟಿನವರೆಗೆ ಇದ್ದವು. ದೇವದೇವತೆಗಳು, ಗ್ರಹಗಳು ಎಲೆಯ ಮೇಲಿದ್ದವು, ವಿವರಗಳು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿವೆ. ದಶಾವತಾರ ಗಂಜೀಫಾದಲ್ಲಿ ಹಗಲು ಆಡಿದರೆ ರಾಮನ ಎಲೆಯಿಂದ, ರಾತ್ರಿ ಆಡಿದರೆ ಕೃಷ್ಣನ ಎಲೆಯಿಂದ ಆಟ ಶುರು. ಹೊತ್ತು ಗೊತ್ತು ನೋಡಿ ಎಲೆ ಇಳಿಸುತ್ತಿದ್ದ ಕೈಗಳು ಅವು. ದೇವರ ಚಿತ್ರವಿರುವ ಎಲೆಯನ್ನು ಕೋಪದಿಂದ ನೆಲಕ್ಕೆ ಅಪ್ಪಳಿಸಲು ಯಾರಿಗೆ ಮನಸ್ಸು ಬಂದೀತು?

ಇನ್ನು ಹಣದ ಮಾತು. ಇಲ್ಲಿ ಸುತ್ತುಬಳಸಿ ಹೇಳುವಂಥದ್ದು ಏನೂ ಇಲ್ಲ. ಹಬ್ಬದ ಮೂರು ದಿನ ಪೊಲೀಸರು ಕೇಳುವುದಿಲ್ಲ ಎಂಬ ನಂಬಿಕೆ ಊರೂರಲ್ಲಿದೆ, 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಅಂಥ ಹಬ್ಬದ ರಿಯಾಯಿತಿ ಇಲ್ಲ. ಆ ಕಾಯ್ದೆಯ 176ನೇ ಕಲಮು ಶುದ್ಧ ಕೌಶಲದ ಆಟಗಳನ್ನು ಹೊರಗಿಟ್ಟಿದೆ. ರಮ್ಮಿಗೆ ನೆನಪು, ಜಾಣ್ಮೆ ಬೇಕು ಎಂದು ಸುಪ್ರೀಂ ಕೋರ್ಟ್ 1967ರಲ್ಲಿ ಒಪ್ಪಿತು, ಆದರೆ ಅದೇ ತೀರ್ಪಿನಲ್ಲಿ ಫ್ಲಶ್, ಬ್ರ್ಯಾಗ್ ಎಂದೆಲ್ಲ ಕರೆಯುವ ಮೂರೆಲೆಯನ್ನು ಬರೀ ಅದೃಷ್ಟದ ಆಟ ಎಂದು ಬೇರೆ ಇಟ್ಟಿತು. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದ್ದುಂಟು. ಅಂದರ್ ಬಾಹರ್‌ಗೆ ಈ ಯಾವ ಆಸರೆಯೂ ಇಲ್ಲ.

ಕಾನೂನಿನ ಆಚೆಗೂ ಒಂದು ಲೆಕ್ಕವಿದೆ. ದೀಪಾವಳಿಯ ಹೊತ್ತಿಗೆ ಮೆಕ್ಕೆಜೋಳ ಕಣಕ್ಕೆ ಬಂದಿರುತ್ತದೆ, ಅಡಿಕೆ ಚೇಣಿಯ ಮುಂಗಡ ಕೈ ಸೇರಿರುತ್ತದೆ. ಆ ಹಣಕ್ಕೆ ಗೊಬ್ಬರದಂಗಡಿಯ ಬಾಕಿ, ಸಂಘದ ಕಂತು, ಮಕ್ಕಳ ಫೀಸು ಕಾಯುತ್ತಿರುತ್ತವೆ. ರಾತ್ರಿ ಎರಡು ಗಂಟೆಗೆ ಸೋತವನಿಗೆ ಪಕ್ಕದವನು ‘ತಗೋ, ಬೆಳಗ್ಗೆ ಕೊಡುವಿಯಂತೆ’ ಎಂದು ಸಾಲ ಕೊಡುವುದು ಔದಾರ್ಯದಂತೆ ಕಾಣುತ್ತದೆ. ಹಳೆಯ ಬಳಗಗಳಲ್ಲಿ ಜಮಖಾನೆಯ ಮೇಲೆ ಸಾಲ ಕೊಡುವ ಪದ್ಧತಿಯೇ ಇರಲಿಲ್ಲ ಎಂದು ಹೇಳುವ ಹಿರಿಯರು ಇಂದಿಗೂ ಇದ್ದಾರೆ. ಕೈ ಖಾಲಿಯಾದವನ ಹೆಗಲ ಮೇಲೆ ಕೈ ಹಾಕಿ, ಎಲೆ ಅಡಿಕೆ ಕೊಟ್ಟು, ಮನೆ ತನಕ ಬಿಟ್ಟು ಬರುತ್ತಿದ್ದರು. ಮನೆಮನೆಯಲ್ಲಿ ಹುಣಸೆಬೀಜ ಇದೆ, ಕವಡೆ ಇದೆ. ಆಳಿಗೆ ಐವತ್ತು ಬೀಜ ಎಣಿಸಿ ಕೊಟ್ಟು ಆಡಿದರೆ ಮೇಲೆ ಹೇಳಿದ ಎಲ್ಲ ನಡವಳಿಕೆಗೂ ಅಷ್ಟೇ ಬೆಲೆ ಇರುತ್ತದೆ. ಬೀಜ ಮುಗಿದವನು ಎದ್ದು ಎಲ್ಲರಿಗೂ ಚಹಾ ತರಲಿ. ಆಗ ಬಾಗಿಲಲ್ಲಿ ನಿಂತ ಹೆಣ್ಣುಮಕ್ಕಳೂ ಬಂದು ಕೂರಬಹುದು. ಲೆಕ್ಕ ನೆನಪಿಡುವುದರಲ್ಲಿ ಮನೆಯ ಗಂಡಸರಿಗಿಂತ ಅವರ ಕೈ ಮೇಲು ಎಂಬುದು ಚೌಕಾಬಾರದ ಮಣೆಯ ಮುಂದೆ ಸೋತ ಎಲ್ಲ ಗಂಡಸರಿಗೂ ಗೊತ್ತು.

ಈ ಸಲ ಪಾಡ್ಯದ ಸಂಜೆ, ಬಲೀಂದ್ರನ ಪೂಜೆ ಮುಗಿದು ಜಮಖಾನೆ ಹಾಸಿದ ಮೇಲೆ, ಯಾರಾದರೂ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಅದರ ಹಿಂದೆ ನಾಲ್ಕು ಸಾಲು ಬರೆಯಲಿ: ಯಾವುದರ ಮೇಲೆ ಯಾವುದು, ಎಕ್ಕ ಎರಡು ಮೂರಕ್ಕೆ ಎಷ್ಟನೇ ಸ್ಥಾನ, ಎಷ್ಟು ಗಂಟೆಗೆ ಕೊನೆಯ ಆಟ, ಹಿಂದೆ ಕೂತವರು ಬಾಯಿ ಬಿಟ್ಟರೆ ಏನು ಮಾಡುವುದು. ಅದನ್ನು ಗೋಡೆಯ ಮೊಳೆಗೆ ಚುಚ್ಚಿದರಾಯಿತು. ಬೆಂಗಳೂರಿನಿಂದ ಬಂದ ಹುಡುಗನನ್ನೇ ಬರೆಯಲು ಕೂರಿಸಿದರೆ ಇನ್ನೂ ಚೆನ್ನ, ಅವನು ಕೇಳುವ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಹಿರಿಯರಿಗೇ ಎಷ್ಟೋ ಮರೆತ ನಿಯಮ ನೆನಪಾದೀತು. ಕೊನೆಯ ಆಟ ಮುಗಿದಾಗ ಚೆಲ್ಲಿದ ಎಲೆಗಳನ್ನು ಕೂಡಿಸಿ, ಮುಖ ಒಂದೇ ಕಡೆ ಮಾಡಿ, 52 ಇವೆಯೇ ಎಂದು ಎಣಿಸಿ, ಜೋಕರುಗಳನ್ನು ಬೇರೆ ಇಟ್ಟು ರಬ್ಬರ್ ಬ್ಯಾಂಡ್ ಹಾಕುವ ಕೆಲಸವನ್ನೂ ಅವನಿಗೇ ಕೊಡಿ. ಅವನು ಎಣಿಸಿ ಮುಗಿಸುವ ತನಕ ದೊಡ್ಡಪ್ಪ ಜಮಖಾನೆ ಮಡಚದೆ ಎದುರಿಗೆ ಕೂತಿರಲಿ.

ಇಂತಿ,
ಹಬ್ಬದ ಪಡಸಾಲೆಯಲ್ಲಿ ಹಿಂದೆ ಕೂತು ಆಟ ನೋಡುವವರೊಬ್ಬರು